ಮೋಡ ಬಂದರೆ ಇಳಿಯುತ್ತಿದ್ದ ವೇಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತು, ಮೂರು ಕಾಲಿನ ಸ್ಟ್ಯಾಂಡಿನ ಮೇಲಿರುವ ಬೂದು ಬಣ್ಣದ ಪೆಟ್ಟಿಗೆಯನ್ನು ಹತ್ತಿ ಬಟ್ಟೆಯಿಂದ ಒರೆಸುತ್ತಿದ್ದಾರೆ. ಪೆಟ್ಟಿಗೆಯ ಬೆನ್ನ ಮೇಲೆ ಆಕಾಶ ನೋಡುವ ಎರಡು ಪುಟ್ಟ ಗಾಜಿನ ಕಣ್ಣುಗಳು. ಮುಂದಿನ ಕಣ್ಣಿಗೆ ಅಡ್ಡವಾಗಿ ಜೇಡವೊಂದು ಎಳೆ ಕಟ್ಟಿದೆ. ಅದನ್ನು ಬೆರಳಿಗೆ ಸುತ್ತಿಕೊಂಡು, ‘ಇಷ್ಟು ದೊಡ್ಡ ಮೈದಾನ ಇದೆ, ಇದಕ್ಕೆ ದಿನಾ ಈ ಜಾಗವೇ ಬೇಕು. ಬೇರೆ ಕಡೆ ಸೈಟ್ ಸಿಗಲ್ಲವೇನೋ’ ಎನ್ನುತ್ತಾರೆ.

ಕಾರ್ಖಾನೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಅಳತೆಯಕ್ಕ ಎಂದು. ಗುರಿ ಸ್ಪರ್ಧೆಗಳಿಗೆ ಬೇಕಾದ ರೈಫಲ್ ತೋಟಾಗಳು ಇಲ್ಲಿ ತಯಾರಾಗುತ್ತವೆ. ಪ್ರತಿ ಬ್ಯಾಚಿನಿಂದ ಹತ್ತು ತೋಟಾ ಹಾರಿಸಿ, ಗುಂಡು ಎಷ್ಟು ವೇಗವಾಗಿ ಹೋಯಿತೆಂದು ಬರೆದಿಡುವುದು ಅವರ ಕೆಲಸ. ರೈಫಲ್ಲನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿರುತ್ತಾರೆ. ಅಳತೆಯಕ್ಕ ಪಕ್ಕದ ಗೂಡಿನೊಳಗೆ ಕೂತು ಹಗ್ಗ ಎಳೆಯುತ್ತಾರೆ. ಪೆಟ್ಟಿಗೆಯ ಮೇಲಿಂದ ಹಾರುವ ಗುಂಡಿನ ನೆರಳು ಮೊದಲ ಕಣ್ಣಿಗೆ ಬಿದ್ದ ಗಳಿಗೆಯಿಂದ ಎರಡನೇ ಕಣ್ಣಿಗೆ ಬೀಳುವ ಗಳಿಗೆಯವರೆಗಿನ ಹೊತ್ತನ್ನು ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಕ್ರೋನೋಗ್ರಾಫ್ ಎಂಬ ಈ ಪೆಟ್ಟಿಗೆಯ ಕೆಲಸ ಇಷ್ಟೇ. ದಿನಕ್ಕೆ ನೂರಿಪ್ಪತ್ತು ಗುಂಡು, ಹದಿನೆಂಟು ವರ್ಷ. ಮೊದಲು ಗೂಡಿನಲ್ಲಿ ಇಬ್ಬರಿದ್ದರು. ಹಿರಿಯರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಇನ್ನೊಬ್ಬರು ಬರಲಿಲ್ಲ. ಈಗ ಅದರ ಮೇಲೆ ಬ್ಯಾಟರಿಗಳ ಡಬ್ಬ ಕೂತಿದೆ.

‘ಪೆಟ್ಟಿಗೆ ಸುಳ್ಳು ಹೇಳಲ್ಲ, ಆದರೆ ಬೇಗ ಮೋಸ ಹೋಗುತ್ತೆ’ ಎನ್ನುತ್ತಾರೆ ಅಳತೆಯಕ್ಕ. ಬ್ಯಾಟರಿ ಇಳಿದರೆ ಅಂಕಿ ಅಡ್ಡಾದಿಡ್ಡಿ. ರೈಫಲ್ಲಿನ ಬಾಯಿಗೆ ತೀರಾ ಹತ್ತಿರವಿಟ್ಟರೆ ಗುಂಡಿಗಿಂತ ಮೊದಲು ಹೊಗೆಯನ್ನೇ ಎಣಿಸಿಬಿಡುತ್ತದೆ. ಗುಂಡಿನ ದಾರಿಗೆ ಪೆಟ್ಟಿಗೆ ಓರೆಯಾಗಿದ್ದರೂ ತಪ್ಪು. ‘ಟ್ಯೂಬ್‌ಲೈಟ್ ಕೆಳಗಿಟ್ಟರಂತೂ ದೆವ್ವ ಹಿಡಿದ ಹಾಗೆ ಆಡುತ್ತೆ. ಆ ಬೆಳಕು ಮಿಣಮಿಣ ಅನ್ನೋದು ನಮ್ಮ ಕಣ್ಣಿಗೆ ಕಾಣಲ್ಲ, ಇದಕ್ಕೆ ಕಾಣುತ್ತೆ.’

ಅಳೆಯುವವರು ಮತ್ತು ತೋಟಾಗಳಿಗೆ ಸಿಡಿಮದ್ದು ತುಂಬುವವರು ಒಂದೇ ಮೇಜಿನಲ್ಲಿ ಕೂತು ಊಟ ಮಾಡುವಂತಿಲ್ಲ ಎಂದು ಕಾರ್ಖಾನೆಯಲ್ಲಿ ಬರೆದಿಟ್ಟ ನಿಯಮವೇನಿಲ್ಲ. ಆದರೂ ಯಾರೂ ಕೂರುವುದಿಲ್ಲ. ಇವರ ಒಂದು ಸಹಿಯಿಂದ ಅವರ ವಾರದ ಕೆಲಸ ಕಸಕ್ಕೆ ಹೋಗಬಹುದು. ಹಾಗಾಗಿ ಅಳತೆಯಕ್ಕನ ಡಬ್ಬಿ ಬಿಚ್ಚಿಕೊಳ್ಳುವುದು ಗೂಡಿನಲ್ಲೇ. ಮನೆಯಲ್ಲೂ ಒಬ್ಬರೇ. ಭಾನುವಾರ ಅಣ್ಣನ ಮಗಳು ಫೋನ್ ಮಾಡುತ್ತಾಳೆ. ಗುಂಡಿನ ಸದ್ದಿಗೆ ಬಲಗಿವಿ ಮಂದವಾಗಿದೆ, ಎಡಗಿವಿಗೆ ಹಿಡಿದು ಮಾತಾಡುತ್ತಾರೆ.

ಒಬ್ಬಳು ಗೆಳತಿ ಮಾತ್ರ ಇದ್ದಳು. ಇವರ ಜೊತೆ ಒಂದೇ ದಿನ ಕೆಲಸಕ್ಕೆ ಸೇರಿದವಳು, ಮದ್ದು ತುಂಬುವ ವಿಭಾಗದವಳು. ಸಂಜೆ ಗೇಟಿನಿಂದ ಬಸ್‌ಸ್ಟಾಪಿನವರೆಗೆ ಇಬ್ಬರೂ ಜೊತೆಯಾಗಿ ನಡೆಯುತ್ತಿದ್ದರು. ದಾರಿ ಹತ್ತು ನಿಮಿಷದ್ದು, ಇವರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಮೂರು ವರ್ಷದ ಹಿಂದೆ, ಆ ಗೆಳತಿ ತುಂಬಿದ ತೋಟಾಗಳ ವೇಗ ಇದ್ದಕ್ಕಿದ್ದಂತೆ ಏರಿತು. ಸೆಕೆಂಡಿಗೆ ಎಂಟುನೂರೈವತ್ತು ಮೀಟರ್ ಇರಬೇಕಾದದ್ದು ಎಂಟುನೂರ ಎಂಬತ್ತೈದು, ಎಂಬತ್ತೇಳು. ಅಷ್ಟು ವೇಗ ಅಂದರೆ ನಳಿಗೆಯೊಳಗೆ ಒತ್ತಡ ಮಿತಿ ಮೀರಿದೆ ಎಂದರ್ಥ, ಹಾರಿಸುವವರ ಮುಖಕ್ಕೇ ಅಪಾಯ. ತೋಟಾ ಬಿಚ್ಚಿ ಮದ್ದು ತೂಗಿದರು. ತೂಕ ಸರಿಯಾಗಿತ್ತು. ಹಾಗಾದರೆ ಬೇರೆ ಡ್ರಮ್ಮಿನ ಜೋರು ಮದ್ದನ್ನು ಬೆರೆಸಿದ್ದಾಳೆ ಎಂದು ಮೇಲಿನವರು ತೀರ್ಮಾನಿಸಿದರು. ಅಳತೆಯಕ್ಕ ಏಳು ದಿನದ ಏಳು ಹಾಳೆಗೆ ಸಹಿ ಹಾಕಿದ್ದರು. ಎಂಟನೇ ದಿನ ಗೆಳತಿಯನ್ನು ಕೆಲಸದಿಂದ ಹೊರಗಿಟ್ಟರು.

‘ಅವತ್ತು ಗೂಡಿನ ಬಾಗಿಲಿಗೆ ಬಂದು ಕೇಳಿದಳು, ನಾನು ಬೆರೆಸಿದೀನಿ ಅಂತ ನಿನಗೂ ಅನಿಸುತ್ತಾ ಅಂತ. ನಾನು ಏನಂದೆ ಗೊತ್ತಾ? ಅಂಕಿ ಹಾಗೆ ಬಂದಿದೆ ಕಣೇ ಅಂದೆ.’ ಅಳತೆಯಕ್ಕ ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸುತ್ತಾರೆ. ‘ಅಷ್ಟೇ ಅಂದೆ.’

ಗೆಳತಿಯ ಜಾಗಕ್ಕೆ ಬಂದವಳು ತುಂಬಿದ ತೋಟಾಗಳದ್ದೂ ಅದೇ ಕಥೆಯಾಯಿತು. ಮೇಲಿನವರು ಈಗ ಡ್ರಮ್ಮಿನ ಮೇಲೆ ಅನುಮಾನಪಟ್ಟರು, ಗೆಳತಿಯನ್ನು ವಾಪಸ್ ಕರೆಯಲಿಲ್ಲ. ಅಳತೆಯಕ್ಕ ಮಾತ್ರ ಪೆಟ್ಟಿಗೆಯನ್ನೇ ಅನುಮಾನಿಸತೊಡಗಿದರು. ಬ್ಯಾಟರಿ ಬದಲಿಸಿದರು. ಸ್ಟ್ಯಾಂಡನ್ನು ಗುಂಡಿನ ದಾರಿಗೆ ನೇರ ಮಾಡಿದರು. ಎರಡು ಕಣ್ಣುಗಳ ಅಂತರವನ್ನು ಉಕ್ಕಿನ ಸ್ಕೇಲಿನಿಂದ ಅಳೆದರು. ಅರವತ್ತು ಸೆಂಟಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂಕಿ ಹಠ ಬಿಡಲಿಲ್ಲ.

ಒಂದು ಬೆಳಗ್ಗೆ ಹತ್ತು ಗುಂಡು ಹಾರಿಸುತ್ತಿದ್ದರು. ಮೊದಲ ನಾಲ್ಕು, ಎಂಟುನೂರ ಎಂಬತ್ತರ ಮೇಲೆ. ಐದನೆಯದು ಎಂಟುನೂರ ಐವತ್ತೊಂದು. ಆರು, ಏಳು ಕೂಡ ಹಾಗೇ. ಎಂಟನೆಯದು ಮತ್ತೆ ಎಂಟುನೂರ ಎಂಬತ್ತಾರಕ್ಕೆ ಜಿಗಿಯಿತು. ಕಿವಿಯ ಮೇಲಿನ ಮುಚ್ಚಳ ತೆಗೆದು ಗೂಡಿನಿಂದ ಹೊರಗೆ ಬಂದರು. ಆಗಷ್ಟೇ ಒಂದು ಮೋಡ ಸೂರ್ಯನನ್ನು ದಾಟಿ ಹೋಗುತ್ತಿತ್ತು.

‘ಮೋಡ ಬಂತು ಅಂತ ಮದ್ದು ಸೌಮ್ಯ ಆಗುತ್ತಾ? ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಕೂತ ಮೇಲೆ ಕಾಲಡಿ ಕಂಡಿತು.’

ಕಾಲಡಿಯಲ್ಲಿ ಹೊಸ ಸಿಮೆಂಟ್ ನೆಲವಿತ್ತು, ಹಾಲಿನಂತೆ ಬಿಳಿ. ಅಂಕಿ ಏರುವ ಹಿಂದಿನ ವಾರವಷ್ಟೇ ಹಾಕಿಸಿದ್ದು. ಅದು ಮೊದಲ ಕಣ್ಣಿನ ಕೆಳಗೆ ಬಂದು ಮುಗಿಯುತ್ತಿತ್ತು. ಎರಡನೇ ಕಣ್ಣಿನ ಕೆಳಗೆ ಹಳೆಯ ಕಪ್ಪು ಮಣ್ಣು. ಬಿಸಿಲು ಬಿಳಿ ನೆಲಕ್ಕೆ ಬಡಿದು, ಗೆಳತಿಯ ಮೇಜಿಗೆ ಮಾತ್ರ ಬರುತ್ತಿದ್ದ ಹೊಳೆಯುವ ಗುಂಡಿನ ಹೊಟ್ಟೆಯನ್ನು ಬೆಳಗುತ್ತಿತ್ತು. ಕಪ್ಪಗೆ ಕಾಣಬೇಕಾದ ಗುಂಡು ಆಕಾಶದಷ್ಟೇ ಬೆಳ್ಳಗಾಗಿ, ಮೊದಲ ಕಣ್ಣು ಅದರ ಮೂತಿಯನ್ನು ಬಿಟ್ಟು ಬಾಲವನ್ನು ಕಾಣುತ್ತಿತ್ತು. ಎರಡೂವರೆ ಸೆಂಟಿಮೀಟರಿನಷ್ಟು ತಡ. ಎರಡನೇ ಕಣ್ಣು ಸರಿಯಾಗಿ ಕಾಣುತ್ತಿತ್ತು. ನಡುವಿನ ಹೊತ್ತು ಕಡಿಮೆಯಾಗಿ, ವೇಗ ಹೆಚ್ಚಾಗಿ ತೋರುತ್ತಿತ್ತು.

ಅಳತೆಯಕ್ಕ ಮಾರ್ಕರ್ ಪೆನ್ನು ತಂದು ಐದು ಗುಂಡುಗಳ ಮೂತಿಗೆ ಕಪ್ಪು ಬಳಿದು ಹಾರಿಸಿದರು. ಎಂಟುನೂರೈವತ್ತರ ಆಸುಪಾಸು. ನೆಲಕ್ಕೆ ಕಪ್ಪು ಟಾರ್ಪಾಲು ಹಾಸಿ, ಬಣ್ಣ ಬಳಿಯದ ಐದನ್ನು ಹಾರಿಸಿದರು. ಅಷ್ಟೇ ಬಂತು. ಟಾರ್ಪಾಲು ತೆಗೆದರು, ಅಂಕಿ ಏರಿತು. ಅದನ್ನೆಲ್ಲ ಎರಡು ಪುಟ ಬರೆದುಕೊಂಡು ಮೇಲಧಿಕಾರಿಯ ಮುಂದಿಟ್ಟರು.

‘ಈ ಏಳು ಹಾಳೆಗೆ ಸಹಿ ಯಾರದು, ನಿಮ್ಮದೇ ತಾನೇ?’ ಎಂದು ಅವರು ಕೇಳಿದರು.

‘ನಂದೇ ಸಾರ್. ಅದಕ್ಕೇ ನಾನೇ ಬಂದಿದ್ದು.’

ಇವರ ಕಡತಕ್ಕೆ ಎಚ್ಚರಿಕೆ ಪತ್ರವೊಂದು ಸೇರಿತು. ಎರಡು ವಾರಕ್ಕೆ ಗೆಳತಿ ಕೆಲಸಕ್ಕೆ ಮರಳಿದಳು. ಆ ಸಂಜೆ ಅಳತೆಯಕ್ಕ ಗೇಟಿನ ಬಳಿ ಕಾದು ನಿಂತಿದ್ದರು. ಗೆಳತಿ ಬಂದಳು, ನಿಂತಳು. ಬೈಯಲಿಲ್ಲ. ‘ನೀನು ಮೊದಲು ಪೆಟ್ಟಿಗೆಯನ್ನ ನಂಬಿದೆ, ಆಮೇಲೆ ನನ್ನನ್ನ’ ಎಂದಷ್ಟೇ ಹೇಳಿ ರಸ್ತೆ ದಾಟಿದಳು. ಈಗಲೂ ಒಂದೇ ಬಸ್ಸು. ಅವಳು ಮುಂದಿನ ಬಾಗಿಲಲ್ಲಿ ಹತ್ತುತ್ತಾಳೆ, ಇವರು ಹಿಂದಿನ ಬಾಗಿಲಲ್ಲಿ.

‘ಕೋಪ ಇಲ್ಲ ಅವಳಿಗೆ. ಕೋಪ ಇದ್ದಿದ್ರೆ ಇಳೀತಿತ್ತು’ ಎನ್ನುತ್ತಾರೆ.

ಟಾರ್ಪಾಲು ಹಾಸಿ ನೋಡಿದ ಮರುದಿನದಿಂದ ಅಳತೆಯಕ್ಕ ತಮ್ಮ ಹಾಳೆಯ ಅಂಚಿನಲ್ಲಿ ಕೈಯಿಂದ ಒಂದು ಗೆರೆ ಎಳೆದು, ಪ್ರತಿ ಗುಂಡಿನ ಎದುರೂ ‘ಬಿಸಿಲು’ ಅಥವಾ ‘ಮೋಡ’ ಎಂದು ಬರೆಯತೊಡಗಿದರು. ಹೇಳಿದವರಿಲ್ಲ, ಕೇಳಿದವರೂ ಇಲ್ಲ. ಕಳೆದ ವರ್ಷ ಕಚೇರಿಯಿಂದ ಹೊಸ ಹಾಳೆಗಳ ಕಟ್ಟು ಬಂತು. ಬಿಚ್ಚಿದರೆ ಆ ಕಾಲಂ ಅಚ್ಚಾಗಿತ್ತು.

ನಿವೃತ್ತಿಗೆ ಇನ್ನು ಎರಡು ವರ್ಷ. ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ. ‘ಆಸೆ ಏನು, ಮುಂದೆ ಬರೋರು ಬಿಸಿಲು-ಮೋಡದ ಕಾಲಂನ ಸುಮ್ಮನೆ ತುಂಬದೆ ತಲೆ ಎತ್ತಿ ನೋಡಿ ಬರೆದರೆ ಸಾಕು. ಯಾರು ಶುರು ಮಾಡಿದ್ದು ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಆದರೆ ಆ ಕಾಲಂ ಖಾಲಿ ಬಿಟ್ಟರೆ ಈಗ ಹಾಳೆ ವಾಪಸ್ ಬರುತ್ತೆ, ನೋಡಿ. ಹಾಳೆ ಸರಿಯಾಗೋವರೆಗೂ ಅಂಕಿ ನೋಡಿ ಯಾರನ್ನೂ ಕೆಲಸದಿಂದ ಹೊರಗೆ ಕಳಿಸೋ ಹಾಗಿಲ್ಲ.’