ಮೂರು ಗಂಟೆಯ ಹಾಜರಿ

ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ ನಾಲ್ಕು ತಿಂಗಳಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ. ಅದರ ಹಿಂದೆ ಇನ್ನೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ: ಒಂದು ದಿನ ನಾನೇ ಮಗುವನ್ನು ಬಿಟ್ಟು ಎದ್ದು ಹೋಗಿಬಿಡುತ್ತೇನೇನೋ ಎಂದು. ಅಮ್ಮ ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದ್ದೀವಮ್ಮ" ಎಂದು ಇಟ್ಟುಬಿಡುತ್ತಿದ್ದೆ.

ಗಾಳಿ ಬದಲಾದರೆ ನಿದ್ದೆ ಬಂದೀತೆಂದು ನನ್ನ ಗಂಡ ಕೆಲಸದ ಮೇಲೆ ಹೊರಟಾಗ ನಮ್ಮನ್ನೂ ಕರೆತಂದು ಈ ಹಳೇ ಹೋಟೆಲಿನಲ್ಲಿ ಇಳಿಸಿದ್ದ. ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹೋಟೆಲು ನಡೆಸುವವರು ಅಕ್ಕ, ತಮ್ಮ. ತಮ್ಮನದು ಅಡುಗೆಮನೆ, ಅಕ್ಕನದು ಕೋಣೆಗಳು. ಅಕ್ಕನಿಗೆ ಅರವತ್ತು ದಾಟಿದೆ; ಹುಟ್ಟಿದ್ದೇ ಕೆಳಗಿನ ಎರಡನೇ ಕೋಣೆಯಲ್ಲಂತೆ. ದಿಂಬಿನ ಚೀಲದ ಅಂಚನ್ನು ಹಲ್ಲಲ್ಲಿ ಕಚ್ಚಿ, ಒಂದೇ ಸಲ ಕೊಡವಿ ದಿಂಬನ್ನು ಒಳಗಿಳಿಸುತ್ತಾರೆ. ಸೊಂಟದಲ್ಲಿ ಹನ್ನೆರಡು ಬೀಗದ ಕೈ. ಯಾವುದು ಯಾವ ಬಾಗಿಲಿನದೆಂದು ಬೆರಳಿಗೇ ಗೊತ್ತು.

ಅವರದೊಂದು ಪದ್ಧತಿ. ಮಧ್ಯಾಹ್ನ ಮೂರಕ್ಕೆ ಪ್ರತಿ ಬಾಗಿಲನ್ನೂ ತಟ್ಟಿ "ಎಷ್ಟು ಜನ ಇದ್ದೀರಿ?" ಎಂದು ಕೇಳುವುದು. ಒಳಗಿನಿಂದ ಉತ್ತರ ಬರುವವರೆಗೂ ಅಲ್ಲಾಡುವುದಿಲ್ಲ.

"ಹಾಜರಿ ಅಕ್ಕ ಅಂತಾರೆ ಎಲ್ರೂ," ಎಂದು ತಮ್ಮ ಹಾಲು ಬಿಸಿ ಮಾಡಿಕೊಡುತ್ತ ನಕ್ಕರು. "ಟೀಚರ್ ಆಗಬೇಕಿತ್ತು. ಇಲ್ಲಿ ನಮ್ಮ ತಲೆ ತಿಂತಾ ಕೂತಳು."

"ಒಲೆ ಮೇಲಿಟ್ಟಿದ್ದು ತಳ ಹಿಡೀತಿದೆ. ಹೋಗು, ನೋಡ್ಕೋ," ಎಂದರು ಅಕ್ಕ.

ಎರಡನೇ ದಿನ ಅವರು ನಮ್ಮೆದುರಿನ ಒಂಬತ್ತನೇ ಕೋಣೆಯನ್ನೂ ತಟ್ಟಿದರು. ಅದು ಖಾಲಿ, ಬೆಳಿಗ್ಗೆ ಅಕ್ಕ ಗುಡಿಸುವಾಗ ನಾನೇ ನೋಡಿದ್ದೆ. ಸುತ್ತಿಟ್ಟ ಹಾಸಿಗೆ, ಕಿಟಕಿಯ ಪಕ್ಕ ಬರಿದಾದ ತೊಟ್ಟಿಲು, ಅಷ್ಟೇ. ಅಕ್ಕ ಬೀಗದ ಕೈಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಕಿವಿಯಿಟ್ಟರು.

"ಒಬ್ಬಳೇನಾ? ಸರಿ," ಎಂದರು.

ಅವರು ಹೋದ ಮೇಲೆ ಒಳಗೆ ಏನೋ ಕಿರ್ರೆಂದಿತು, ತೊಟ್ಟಿಲು ತೂಗಿದ ಹಾಗೆ. ನಾನು ನಮ್ಮ ಬಾಗಿಲು ಹಾಕಿಕೊಂಡೆ.

ಮೂರನೇ ದಿನ ಅಕ್ಕ ನನ್ನ ಬಾಗಿಲು ತಟ್ಟಿದರು.

"ಎಷ್ಟು ಜನ ಇದ್ದೀರಿ?"

"ಒಬ್ಬಳೇ," ಎಂದೆ.

ಹೇಳಿದ ಮೇಲಷ್ಟೇ ನನಗೆ ತಿಳಿದದ್ದು. ಮಗು ನನ್ನ ಹಿಂದೆ ಮಂಚದ ಮೇಲೆ ನಿದ್ದೆ ಮಾಡುತ್ತಿತ್ತು. ನನ್ನ ಕಾಲಲ್ಲಿ ಚಪ್ಪಲಿಯಿತ್ತು. ಯಾವಾಗ ಹಾಕಿಕೊಂಡೆ, ಎಲ್ಲಿಗೆ ಹೊರಟಿದ್ದೆ, ಒಂದೂ ನೆನಪಿಲ್ಲ.

ಅಕ್ಕ ತಾವೇ ಬೀಗ ತೆಗೆದು ಒಳಗೆ ಬಂದರು. ಚಪ್ಪಲಿ ನೋಡಿದರು. ಮಗುವನ್ನೆತ್ತಿ ಮಡಿಲಲ್ಲಿಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

"ನನ್ನ ತಂಗಿ ಹೆರಿಗೆ ಆದ್ಮೇಲೆ ಎದುರು ಕೋಣೇಲಿದ್ಲು. ಒಂದಿನ ಟವೆಲ್ ಎಷ್ಟು ಜನಕ್ಕೆ ಬೇಕೇ ಅಂದೆ. ಒಬ್ಬಳಿಗೆ ಅಂದ್ಲು. ನಾನು ನಕ್ಕು, ಒಂದೇ ಕೊಟ್ಟು ಬಂದೆ. ಸಂಜೆ ಮಗು ಅಳ್ತಿತ್ತು, ಅವಳಿರಲಿಲ್ಲ. ಆಮೇಲೆ ಸಿಗಲೇ ಇಲ್ಲ."

"ಮಗು?"

"ನಾನೇ ಸಾಕಿದೆ. ಆ ಮಗೂಗೇ ಈಗ ಎರಡು ಮಕ್ಕಳು." ಚಾದರ ಒಗೆಯುವುದಿದೆ ಎನ್ನುವಷ್ಟೇ ಸಹಜವಾಗಿ ಮುಂದುವರಿಸಿದರು, "ತಂಗಿ ಮಾತ್ರ ಈಗ್ಲೂ ಆ ಬಾಗಿಲು ತಟ್ಟಿ ಕೇಳಿದ್ರೆ ಒಬ್ಬಳೇ ಅಂತಾಳೆ. ನೀನು ನಿನ್ನ ಮನಸ್ಸಲ್ಲಿರೋದನ್ನ ಯಾರಿಗಾದ್ರೂ ಹೇಳಮ್ಮಾ."

ಎದುರಿನ ಕೋಣೆಯಲ್ಲಿ ಮತ್ತೆ ಕಿರ್ರೆಂದಿತು. ಅಕ್ಕ ಮಗುವನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು. ನಾನು ಚಪ್ಪಲಿ ಬಿಟ್ಟು, ಫೋನ್ ತೆಗೆದುಕೊಂಡೆ.

"ಅಮ್ಮಾ, ನಾನು ಚೆನ್ನಾಗಿಲ್ಲ. ಇವತ್ತೇ ಹೊರಟು ಬಾ."