ಹೊಂಡಕ್ಕೆ ಬಿಟ್ಟ ಎರಡು ಮೀನು

ಆ ಎರಡು ಮೀನುಗಳನ್ನು ಗುಡಿಯ ಹೊಂಡಕ್ಕೆ ಬಿಟ್ಟವಳು ನಾನೇ. ಚೈತ್ರದ ಏಕಾದಶಿ. ಚಿತ್ತಾಪುರದ ಬಜಾರಿನಲ್ಲಿ ನೀರಿಲ್ಲದ ಬಕೆಟ್ಟಿನೊಳಗೆ ಬಾಯಿ ಬಿಡುತ್ತ ಬಿದ್ದಿದ್ದವು. ಉಪವಾಸದ ದಿನ ಕಣ್ಣಿಗೆ ಬಿದ್ದ ಜೀವ ಎಂದು ಕೊಂಡು ತಂದು, ನಮ್ಮ ಮನೆಯವರು ಪೂಜೆ ಮಾಡುವ ಗುಡಿಯ ನೀರಿಗೆ ಬಿಟ್ಟೆ. ದೇವರು ಮೆಚ್ಚುವ ಕೆಲಸ ಅಂದುಕೊಂಡಿದ್ದೆ.

ಆ ಹೊಂಡದಲ್ಲಿ ಮೊದಲಿನಿಂದಲೂ ಬೆರಳುದ್ದದ ಮೀನುಗಳಿದ್ದವು. ದಿನಾ ಒಂದು ಹಿಡಿ ಚುರುಮುರಿ ಎಸೆದರೆ ನೀರು ಕುದಿಯುವ ಹಾಗೆ ಮೇಲೆ ಬರುತ್ತಿದ್ದವು. ಆಷಾಢದ ಹೊತ್ತಿಗೆ ಚುರುಮುರಿ ಸುಮ್ಮನೆ ನೆನೆದು ಮುಳುಗತೊಡಗಿತು. ಕಪ್ಪೆಯ ದನಿಯೂ ಇಲ್ಲ. ಮೂಲೆಯಲ್ಲಿ ಸೊಳ್ಳೆಮರಿಗಳು ಮಾತ್ರ ನುಲಿಯುತ್ತಿದ್ದವು.

ಮನೆಯವರು ಕಾಗಿಣಾ ಹೊಳೆಯ ದಂಡೆಯ ಮೀನುಗಾರರೊಬ್ಬರನ್ನು ಕರೆತಂದರು. ಹೊಂಡದ ನಡುವೆ ಮೀಸೆ ಇದ್ದ ಕಪ್ಪು ತಲೆಯೊಂದು ಮೇಲೆದ್ದು ಗಾಳಿ ಕುಡಿದು ಮುಳುಗಿತು.

"ಇದು ನಮ್ಮ ಹೊಳೀದಲ್ರಿ ಅಕ್ಕಾರ. ಪರದೇಶದ ಮೀಸಿ ಮೀನ. ಯಾರು ಬಿಟ್ಟಾರ?"

"ನಾನೇರಿ. ಪಾಪ ಅನಸ್ತು."

"ಅಷ್ಟು ಪಾಪ ಅನಸಿದ್ರ ನನ್ನ ಬುಟ್ಟಿ ಹೊರಾಕ ಬರಬೇಕಿತ್ತು! ಹಸದ ತೋಳ ತಂದು ಕುರಿ ಹಟ್ಟ್ಯಾಗ ಬಿಟ್ಟಂಗಾಗ್ಯದ. ಹೊಂಡ ತುಂಬಿ ಇವು ಹೊಳಿಗೆ ಇಳಿದ್ರ ಮುಗೀತು, ಯಾರ ಕೈಗೂ ಸಿಗಂಗಿಲ್ಲ."

ಅವರು ಬಲೆ ತರಲು ಹೋದಾಗಲೇ ಮಳೆ ಹಿಡಿಯಿತು. ಹೊಂಡದ ಹೆಚ್ಚಿನ ನೀರು ಕಾಲುವೆ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಕಾಗಿಣಾಕ್ಕೆ ಸೇರುತ್ತದೆ. ನೀರು ಕಾಲುವೆಯ ಬಾಯಿ ಮುಟ್ಟಲು ಮೂರೇ ಮೆಟ್ಟಿಲು ಉಳಿದಿದ್ದವು. ಸೆರಗು ಬಿಗಿದು ಆ ಬಾಯಿಗೆ ಫರ್ಸಿಕಲ್ಲು, ಗೋಣಿಚೀಲ, ನನ್ನ ಹಳೆಯ ಸೀರೆ ತುರುಕಿದೆ. ಬಾಯಲ್ಲಿ ದೇವರ ನಾಮ, ಕಣ್ಣು ಮೆಟ್ಟಿಲ ಮೇಲೆ. ಎರಡಾಯಿತು.

"ಮ್ಯಾಲ ಬಾ, ಜಾರಿ ಬೀಳ್ತಿ!" ಎಂದರು ಮನೆಯವರು.

"ಮೊದಲ ಚೀಲ ಹಿಡೀರಿ ನೀವು."

ಬಲೆ ಬಂತು. ಮೊದಲನೆಯದು ಬೇಗ ಸಿಕ್ಕಿತು, ಮೊಳದುದ್ದ ಬೆಳೆದಿತ್ತು. ಇನ್ನೊಂದು ತಪ್ಪಿಸಿಕೊಂಡಿತು. ಮತ್ತೆ ಬೀಸಿದರು, ಬರಿಗೈ. ಕೊನೆಯ ಮೆಟ್ಟಿಲೂ ಮುಳುಗಿತು. ಸೀರೆಯ ಸಂದಿಯಿಂದ ನೀರು ಜಿನುಗತೊಡಗಿತು. ಐದನೆಯ ಸಲ ಬಲೆ ಜೋರಾಗಿ ಒದ್ದಾಡಿತು.

"ಬ್ಯಾರೆ ಎಲ್ಯಾರ ಬಿಡಾಕ ಬರಂಗಿಲ್ಲೇನ್ರಿ?" ಎಂದೆ, ಸಣ್ಣ ದನಿಯಲ್ಲಿ.

"ಯಾವ ನೀರಾಗ ಬಿಟ್ರೂ ಇದೇ ಕಥಿ ಅಕ್ಕಾರ."

ಮನೆಯವರು ನನ್ನ ಕಡೆ ನೋಡಿದರು. "ತಂದಾಕಿ ನೀನು. ನೀನೇ ಹೇಳು."

ನಮ್ಮ ಮನೆಯಲ್ಲಿ ಇರುವೆ ಸಾಲು ಕಂಡರೂ ದಾಟಿ ನಡೆಯುತ್ತೇವೆ. "ಒಯ್ಯಿರಿ" ಎಂದೆ. ಗೋಡೆಯಾಚೆ ಎರಡು ಸಲ ಸಪ್ಪಳವಾಯಿತು.

ಮೀನುಗಾರರು ಅಲ್ಲಿಂದಲೇ ಕೂಗಿದರು: "ಒಂದರ ಹೊಟ್ಟಿ ತುಂಬ ತತ್ತಿ ಅದಾವ್ರಿ! ಇವತ್ತು ಸಿಗದಿದ್ರ ಭಾಳ ಕೆಡ್ತಿತ್ತು."

ಮರುದಿನ ಬೆಳಿಗ್ಗೆ ಚುರುಮುರಿ ಹಾಕಿ ಕೂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಬಾಯಿ, ಅದರ ಹಿಂದೆ ಇನ್ನೊಂದು. ಐದರವರೆಗೆ ಎಣಿಸಿದೆ. ಒಳಗೆ ಹೋಗಿ ದೇವರಿಗೆ ಐದು ಉಳಿದವು ಎಂದು ಹೇಳಿದೆ. ಆ ಎರಡರ ಮಾತನ್ನೂ ಹೇಳಿದೆ.