ಮೇಲಿನ ಹಲ್ಲು

ಮಗಳಿಗೆ ಹಲ್ಲಿನ ಕ್ಲಿಪ್ ಹಾಕಿಸೋಣ ಎಂದು ಮೊದಲು ಹೇಳಿದವಳು ನಾನೇ. ಹಲ್ಲು ಸೊಟ್ಟಗಿದ್ದವು, ಅದರಲ್ಲಿ ಮುಚ್ಚುಮರೆ ಇಲ್ಲ. ಮೇಲಿನ ಎರಡು ಮುಂದಕ್ಕೆ ಚಾಚಿ, ಪಕ್ಕದವು ಜಾಗ ಸಾಲದೆ ಒಂದರ ಮೇಲೊಂದು ಹತ್ತಿ, ಸಂಜೆಯ ಕಂಪ್ಲಿ ಬಸ್ಸಿನ ಬಾಗಿಲಲ್ಲಿ ಜನ ನಿಂತ ಹಾಗೆ ನಿಂತಿದ್ದವು. ಆದರೆ ನನ್ನ ಚಿಂತೆ ಬೇರೆಯಿತ್ತು. ಹುಡುಗಿ ನಗುವುದನ್ನೇ ಬಿಟ್ಟಿದ್ದಳು. ನಗು ಬಂದರೆ ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಶಾಲೆಯಿಂದ ಹಂಪಿಗೆ ಕರೆದುಕೊಂಡು ಹೋದಾಗ ಟೀಚರ್ ತೆಗೆದ ಫೋಟೋದಲ್ಲಿ ಅಷ್ಟೂ ಮಕ್ಕಳು ಹಲ್ಲು ಕಿರಿದಿದ್ದರೆ ಇವಳೊಬ್ಬಳು ಪರೀಕ್ಷೆ ಬರೆಯಲು ಕೂತವಳ ಹಾಗೆ ಬಾಯಿ ಮುಚ್ಚಿ ನಿಂತಿದ್ದಳು.

ಇದೆಲ್ಲ ಶುರುವಾಗಿದ್ದು ನಮ್ಮಣ್ಣ ತೀರಿಕೊಂಡ ಮೇಲೆ. ಅವನು ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ. ಮಳೆಗಾಲದ ಒಂದು ಸಂಜೆ ಮನೆಗೆ ಬರುವಾಗ ಗುಡ್ಡದ ತಿರುವಿನ ಕೆಂಪು ಕೆಸರಿನಲ್ಲಿ ಬೈಕ್ ಜಾರಿತು, ಅಲ್ಲಿಗೆ ಮುಗಿಯಿತು. ಮಗಳಿಗೆ ಆಗ ಒಂಬತ್ತು ವರ್ಷ. ಅವನೆಂದರೆ ಅವಳಿಗೆ ಪ್ರಾಣ. ಮೊದಮೊದಲು ಅದು ಮಾವನ ದುಃಖ ಅಂದುಕೊಂಡೆವು. ಹನ್ನೆರಡಾದರೂ ಬಾಯಿ ಬಿಟ್ಟು ನಗದಿದ್ದಾಗ, ದೊಡ್ಡವಳಾಗುತ್ತಿದ್ದಾಳೆ, ಹಲ್ಲಿನ ನಾಚಿಕೆ ಇರಬೇಕು ಅಂದುಕೊಂಡೆವು. ನನ್ನ ತಮ್ಮ ಕಂಪ್ಲಿಯಿಂದ ಬಂದಾಗಲಂತೂ ಒಳಗಿನ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ಅವನು ಪಾಪ, "ನಮ್ಮ ಹುಡುಗಿ ಭಾಳ ದೊಡ್ಡಾಕಿ ಆಗ್ಯಾಳಕ್ಕ, ಮಾಮನ ಕಂಡ್ರ ನಾಚಿಗಿ ಈಗ" ಅಂತ ನಕ್ಕು, ತಂದ ಬಾಳೆಹಣ್ಣನ್ನು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದ.

ನಾನು ಹೊಸಪೇಟೆಯ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗಂಡ ಕುರೆಕುಪ್ಪದ ಕಡೆ ಕಾರ್ಖಾನೆಯ ಶಿಫ್ಟಿನಲ್ಲಿ. ಅವರು ಮನೆಯಲ್ಲಿದ್ದಾಗ ನಿದ್ದೆ, ಎದ್ದಾಗ ಡ್ಯೂಟಿ. ಹಾಗಾಗಿ ಮಗಳನ್ನು ಕ್ಲಿಪ್ಪಿಗೆ ಸಿದ್ಧಮಾಡುವ ಕೆಲಸ ನನ್ನ ತಲೆಗೇ ಬಂತು. ಮಾಡಿದರೆ ಸರಿಯಾಗಿ ಮಾಡಬೇಕು ಎನ್ನುವ ಹಟ ನನ್ನದು. ಪಕ್ಕದ ಓಣಿಯಲ್ಲಿ ಕ್ಲಿಪ್ ಹಾಕಿಸಿಕೊಂಡ ಹುಡುಗಿಯನ್ನು ಕರೆಸಿ ಬಾಯಿ ತೆರೆಸಿ ತೋರಿಸಿದೆ. ಖಡಕ್ ರೊಟ್ಟಿ ಬಂದ್ ಮಾಡಿ, ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನುವ ರೂಢಿ ಮಾಡಿಸಿದೆ. ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ ಆರಿಸಿ ತೆಗೆದು ಕೊಟ್ಟೆ. ಕಬ್ಬು ಸಿಗಿಯುವುದು ಇನ್ನು ಕನಸು ಅಂತ ಹೇಳಿದೆ. ಮೊದಲ ವಾರ ನೋಯುತ್ತದೆ, ತಂತಿ ಕೆನ್ನೆಗೆ ಚುಚ್ಚುತ್ತದೆ, ಮೇಣ ಹಚ್ಚಿಕೊಳ್ಳಬೇಕು ಎಂದು ಒಂದನ್ನೂ ಮುಚ್ಚಿಡದೆ ಹೇಳಿದೆ. ಅಳುತ್ತಾಳೆ, ಬೇಡ ಅನ್ನುತ್ತಾಳೆ, ರಮಿಸಬೇಕಾಗುತ್ತದೆ ಅಂತ ನಾನು ಕಾಯುತ್ತಿದ್ದರೆ ಅವಳು ಎಲ್ಲಕ್ಕೂ "ಆತಮ್ಮ" ಅನ್ನುತ್ತಿದ್ದಳು. ಒಂದು ಸಲ ಮಾತ್ರ, "ತಂತಿ ಗಟ್ಟಿ ಇರತೈತಾ?" ಅಂತ ಕೇಳಿದಳು. ಇರುತ್ತದೆ ಅಂದೆ. ಆ ರಾತ್ರಿ ಹೊಟ್ಟೆ ತುಂಬ ಉಂಡಳು. ನನ್ನ ತಯಾರಿ ಫಲಿಸಿತು ಅಂತ ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ.

ಬಳ್ಳಾರಿಯಿಂದ ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಅವಳ ಬಾಯಿಯ ಅಚ್ಚು ತೆಗೆದರು, ಫೋಟೋ ತೆಗೆಸಿದರು. ಹಲ್ಲು ಹಿಂದಕ್ಕೆ ಸರಿಯಲು ಜಾಗ ಬೇಕು, ಪಕ್ಕದ ಎರಡು ಹಲ್ಲು ಕೀಳಬೇಕು ಎಂದರು. ನಾನು ಮಗಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಕುರ್ಚಿಯಲ್ಲಿ ಎದ್ದು ಕೂತಳು.

"ಪಕ್ಕದವು ಬ್ಯಾಡ್ರಿ. ಮ್ಯಾಲಿನವು ತಗೀರಿ, ಮುಂದಿನವು."

ಡಾಕ್ಟರಮ್ಮ ನಕ್ಕರು. "ಅವನ್ನು ತೆಗೆದರೆ ಮುದುಕಿ ಥರ ಕಾಣ್ತೀಯ ಕಣಮ್ಮ."

"ಕಂಡ್ರ ಕಾಣಲಿ ಬಿಡ್ರಿ. ಅವನ್ನೇ ತಗೀರಿ."

ತಮಾಷೆ ಮಾಡುತ್ತಿದ್ದಾಳೆ ಅಂತ ಡಾಕ್ಟರಮ್ಮ ಅಂದುಕೊಂಡರು. ಅವಳ ಮುಖ ನೋಡುತ್ತಿದ್ದ ನನಗೆ ಹಾಗನ್ನಿಸಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿಕೊಂಡು ಗದರಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಡಾಕ್ಟರ ಮುಂದೆ ಹುಚ್ಚುಚ್ಚಾಗಿ ಆಡುತ್ತೀಯಾ, ಆ ಹಲ್ಲು ನಿನಗೇನು ಮಾಡಿವೆ ಎಂದೆ.

"ದೊಡ್ಡ ಮಾಮನ್ನ ತಿಂದಾವಲ್ಲ," ಅಂದಳು.

ನಮ್ಮ ಕಡೆ ಒಂದು ನಂಬಿಕೆಯಿದೆ. ಕೂಸಿಗೆ ಕೆಳಗಿನ ಹಲ್ಲಿಗಿಂತ ಮೊದಲು ಮೇಲಿನ ಹಲ್ಲು ಮೂಡಿದರೆ ಸೋದರಮಾವನಿಗೆ ಆಗಿಬರುವುದಿಲ್ಲ ಅನ್ನುತ್ತಾರೆ. ನನ್ನ ಮಗಳಿಗೆ ಮೇಲಿನವೇ ಮೊದಲು ಬಂದಿದ್ದವು. ಆಗ ನಮ್ಮವ್ವ ಹೌಹಾರಿ, ಬಟ್ಟಲಿಗೆ ಎಣ್ಣೆ ಹಾಕಿ, ಅಣ್ಣನನ್ನು ಕರೆಸಿ, ಎಣ್ಣೆಯಲ್ಲಿ ಕೂಸಿನ ಮುಖ ತೋರಿಸಿ ಶಾಸ್ತ್ರ ಮಾಡಿಸಿದ್ದಳು. ಅಣ್ಣ ಶಾಸ್ತ್ರ ಮುಗಿಯುತ್ತಲೇ ಕೂಸಿನ ಬಾಯಲ್ಲಿ ಬೆರಳಿಟ್ಟು, "ಕಚ್ಚಲೇ, ನೋಡಾನ ಎಷ್ಟು ಧೈರ್ಯ ಐತಿ ನಿನಗ" ಅಂತ ಎಲ್ಲರನ್ನೂ ನಗಿಸಿದ್ದ. ಆಮೇಲೆ ಆ ಮಾತನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು.

ನಮ್ಮವ್ವ ಮರೆತಿರಲಿಲ್ಲ ಅನ್ನುವುದು ಮಗಳ ಬಾಯಿಂದ ಆಗ ತಿಳಿಯಿತು. ಅಣ್ಣನನ್ನು ಮಣ್ಣು ಮಾಡಿ ಬಂದ ಮರುದಿನ ಕಂಪ್ಲಿಯ ತವರುಮನೆಯ ಕಟ್ಟೆಯ ಮೇಲೆ ಮಕ್ಕಳು ಆಡುತ್ತಿದ್ದರಂತೆ. ಯಾರೋ ಏನೋ ಅಂದದ್ದಕ್ಕೆ ಇವಳು ನಕ್ಕಳಂತೆ. ಮಕ್ಕಳಿಗೆ ಸಾವಿನ ಮನೆಯಲ್ಲೂ ನಗು ಬರುತ್ತದೆ. ಗೋಡೆಗೆ ಒರಗಿ ಕೂತಿದ್ದ ನಮ್ಮವ್ವ, "ಮುಚ್ಚಲೇ ಬಾಯಿ. ಮಾಮನ್ನ ತಿಂದ ಮ್ಯಾಲಿನ ಹಲ್ಲು ತೋರಸ್ತಿ ಮತ್ತ" ಅಂದಳಂತೆ. ನಾನು ಆಗ ಒಳಗೆ ಹೆಂಗಸರ ನಡುವೆ ಬಿದ್ದು ಗೋಳಾಡುತ್ತಿದ್ದೆ. ಮೂರು ವರ್ಷ ಈ ಮಾತನ್ನು ಒಬ್ಬಳೇ ಬಾಯೊಳಗೆ ಇಟ್ಟುಕೊಂಡು ತಿರುಗಿದ್ದಳು ನನ್ನ ಮಗಳು.

ಆ ಮೆಟ್ಟಿಲ ಮೇಲೇ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಹೆತ್ತ ತಾಯಿಯ ಮೇಲೆ ಅವತ್ತು ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಆದರೆ ಮಗ ಹೋದ ಮುದುಕಿಯ ಮೇಲೆ ಸಿಟ್ಟು ಎಷ್ಟೊತ್ತು ನಿಲ್ಲುತ್ತದೆ? ಅದೂ ಕೈಜಾರಿತು. ಉಳಿದದ್ದು ಬರೀ ಸಂಕಟ.

ಹೇಳಬೇಕಾದ್ದೆಲ್ಲ ಹೇಳಿದೆ. "ಅವು ಹಾಲ್ಹಲ್ಲು ಮಗಾ, ಯಾವಾಗೋ ಉದುರಿ ಹೋದ್ವು. ಇವು ಬ್ಯಾರೆ ಹಲ್ಲು."

"ಅದೇ ಜಾಗದಾಗ ಬಂದಾವಲ್ಲಮ್ಮ. ಅವಕ್ಕಿಂತ ದೊಡ್ಡವು."

"ಮಳಿ ಬಂದಿತ್ತು, ಬೈಕ್ ಜಾರ್ತು. ಹಲ್ಲಿಗೂ ಅದಕ್ಕೂ ಏನು ಸಂಬಂಧ? ಇದೆಲ್ಲ ಸುಳ್ಳು."

"ನೀ ನಂಬಂಗಿಲ್ಲಾ?"

"ಇಲ್ಲ."

"ಹಂಗಾದ್ರ ಸಣ್ಣ ಮಾಮನ ಮ್ಯಾಲೆ ಆಣಿ ಮಾಡಿ ಹೇಳು."

ನನಗೆ ಉಳಿದಿರುವುದು ಅವನೊಬ್ಬನೇ ತಮ್ಮ. ಎರಡು ಪುಟ್ಟ ಮಕ್ಕಳ ತಂದೆ. ಅಂಗೈಯನ್ನು ಅವಳ ಅಂಗೈ ಮೇಲಿಟ್ಟು, ಅವನ ಮೇಲಾಣೆ, ಇದು ಸುಳ್ಳು, ಅಂತ ಹೇಳುವುದಷ್ಟೇ ಇತ್ತು. ನಾನು ನಂಬುವುದಿಲ್ಲ. ಇವತ್ತಿಗೂ ನಂಬುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಬದುಕಿರುವವರ ಮೇಲೆ ಆಣೆ ಇಡುವುದಿಲ್ಲ, ನಿಜ ಹೇಳಲಿಕ್ಕೂ ಇಡುವುದಿಲ್ಲ. ಚಿಕ್ಕಂದಿನಿಂದ ಹಾಗೇ ಬೆಳೆದ ಕೈ ಇದು. ಏಳಲಿಲ್ಲ. "ಆಣಿಗೀಣಿ ಎಲ್ಲ ಮಾಡಬಾರದು" ಅಂತ ಏನೋ ತೊದಲಿದೆ. ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, "ಇರಲಿ ಬಿಡಮ್ಮ" ಅಂದಳು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಅಂದಳು.

ಆಮೇಲೆ ಇದೆಲ್ಲ ಸುಳ್ಳು ಅಂತ ಗಂಡನೂ ಅವಳಿಗೆ ಹೇಳಿದರು. ಅವರಿಗೆ ಇದೆಲ್ಲ ಕೇಳಿ ನಗು ಬಂತು, ನಂತರ ನನ್ನ ಮುಖ ನೋಡಿ ನಗು ನಿಂತಿತು. ಡಾಕ್ಟರಮ್ಮನೂ ಹೇಳಿದರು, ಪುಸ್ತಕದಲ್ಲಿ ಚಿತ್ರ ತೋರಿಸಿ ಹಲ್ಲು ಹೇಗೆ ಮೂಡುತ್ತವೆ ಎಂದು ವಿವರಿಸಿದರು. ಮಗಳು ಎಲ್ಲ ಕೇಳಿಸಿಕೊಂಡಳು, ಚಿತ್ರ ಚೆನ್ನಾಗಿದೆ ಅಂದಳು. ಅವಳಿಗೆ ಬೇಕಾಗಿದ್ದ ಉತ್ತರ ಮೆಟ್ಟಿಲ ಮೇಲೆ ಸಿಕ್ಕಾಗಿತ್ತು. ತಮ್ಮ ಬಂದಾಗ ಅವಳು ಯಾಕೆ ಒಳಗೆ ಹೋಗಿ ಕೂರುತ್ತಿದ್ದಳು ಎನ್ನುವುದೂ ನನಗೆ ಆಗಲೇ ಹೊಳೆದದ್ದು. ಅವನನ್ನು ಉಳಿಸುತ್ತಿದ್ದಳು ಅವಳು.

ಪಕ್ಕದ ಹಲ್ಲು ಕಿತ್ತಾಗ ಅಳಲಿಲ್ಲ. ಹತ್ತಿ ಕಚ್ಚಿಕೊಂಡು ಕೂತಿದ್ದವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕ್ಲಿಪ್ ಹಾಕುವ ದಿನವೂ ಅಷ್ಟೇ. ಒಂದೊಂದು ಹಲ್ಲಿಗೂ ಚುಕ್ಕಿಯಷ್ಟು ಲೋಹ ಅಂಟಿಸಿ, ತಂತಿ ತೂರಿಸಿ, ರಬ್ಬರು ಬಿಗಿದರು. ಮುಗಿದ ಮೇಲೆ ಕನ್ನಡಿ ಕೊಟ್ಟರು. ಅವಳು ನಾಲಿಗೆಯಿಂದ ತಂತಿ ತಳ್ಳಿ ನೋಡಿದಳು, ಬೆರಳಿನಿಂದ ಎಳೆದು ನೋಡಿದಳು. ಬೇರೆ ಮಕ್ಕಳು ಚೆಂದ ಕಾಣುತ್ತದೋ ಇಲ್ಲವೋ ಅಂತ ನೋಡುತ್ತಾರೆ. ನನ್ನ ಮಗಳು ದನ ಕಟ್ಟಿದ ಹಗ್ಗ ಗಟ್ಟಿಯಿದೆಯೇ ಅಂತ ನೋಡುವವರ ಹಾಗೆ ನೋಡಿದಳು.

ಅದಾದ ಮೇಲೆ ಒಂದು ಭಾನುವಾರ, "ಕಂಪ್ಲಿಗೆ ಹೋಗಾನಮ್ಮ" ಅಂತ ತಾನಾಗಿಯೇ ಕೇಳಿದಳು. ಮೂರು ವರ್ಷದಲ್ಲಿ ಮೊದಲ ಸಲ. ಬುಕ್ಕಸಾಗರದ ಗದ್ದೆಗಳು ಹಸಿರಾಗಿದ್ದವು. ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಅವ್ವನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಈ ಕಂಟಕ ಕಳೆದೀತು ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಬಯ್ಯಲಿಕ್ಕೂ ತಯಾರಾಗಿದ್ದೆ, ಕಾಲು ಹಿಡಿಯಲಿಕ್ಕೂ ತಯಾರಾಗಿದ್ದೆ.

ಅಷ್ಟಕ್ಕೆಲ್ಲ ಅವಕಾಶವೇ ಆಗಲಿಲ್ಲ. ಚಪ್ಪಲಿ ಬಿಟ್ಟವಳೇ ಹುಡುಗಿ ಸೀದಾ ಅಜ್ಜಿಯ ಮುಂದೆ ಕೂತು ಬಾಯಿ ತೆರೆದು ತೋರಿಸಿದಳು.

"ನೋಡಜ್ಜಿ, ತಂತಿ ಹಾಕಿ ಕಟ್ಯಾರ. ಇನ್ನ ಯಾರನ್ನೂ ತಿನ್ನಂಗಿಲ್ಲ."

ಅವ್ವನಿಗೆ ತಿಳಿಯಲಿಲ್ಲ. ಕಣ್ಣು ಕಿರಿದು ಮಾಡಿ ಅವಳ ಬಾಯಿ ನೋಡಿ, ನನ್ನನ್ನು ನೋಡಿದಳು. ನಾನು ಹೇಳಿದೆ. ಕಟ್ಟೆಯ ಮೇಲೆ ಅವತ್ತು ಅಂದ ಮಾತನ್ನು ಅವಳಿಗೇ ತಿರುಗಿ ಹೇಳಿದೆ. ಅವ್ವ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು. "ಶಿವನೇ! ಕೂಸಿಗೆ ಹಂಗಂತ ಯಾವಾಕಿ ಅಂದಾಕಿ? ಆಕಿ ಬಾಯಾಗ ಮಣ್ಣು ಬೀಳ!" ಅಂತ ಶಾಪ ಹಾಕಿದಳು. ನಟನೆಯಲ್ಲ. ಅವಳಿಗೆ ನಿಜಕ್ಕೂ ನೆನಪಿರಲಿಲ್ಲ.

ಮಗಳು ಅಜ್ಜಿಯ ಕೈ ಹಿಡಿದು ಕೆನ್ನೆಯಿಂದ ಕೆಳಗಿಳಿಸಿದಳು. "ಯಾರೂ ಅಂದಿಲ್ಲಜ್ಜಿ. ಬೈಬ್ಯಾಡ" ಅಂದಳು.

ಹೊರಗಿನಿಂದ ತಮ್ಮ ಬಂದ. ಅವಳು ಒಳಗೆ ಓಡಲಿಲ್ಲ. ಅವನ ಪಕ್ಕ ಹೋಗಿ ಕೂತಳು, ಸ್ವಲ್ಪ ಅಂತರ ಬಿಟ್ಟು. ಅವನು ಖುಷಿಯಿಂದ, "ಏನಲೇ, ಬಾಯಾಗ ರೈಲು ಹಳಿ ಹಾಕಿಸಿದಿ?" ಅಂತ ತಲೆ ಸವರಿದ. ಅವಳು ನಕ್ಕಳು. ನನ್ನ ಮಗಳು ಹಲ್ಲು ಕಾಣುವಂತೆ ನಕ್ಕಳು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ವಾಪಸ್ ಬರುವ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಕೇಳಿದಳು.

"ಅಮ್ಮ, ಎರಡು ವರ್ಷ ಆದ ಮ್ಯಾಲೆ ತಂತಿ ಬಿಚ್ತಾರಂತಲ್ಲ?"

"ಹೌದು. ಆಗ ಹಲ್ಲು ಎಷ್ಟು ಚೆಂದ ಕಾಣ್ತಾವ ನೋಡು."

"ಬಿಚ್ಚಬ್ಯಾಡ್ರಿ ಅಂತ ಹೇಳಮ್ಮ ಡಾಕ್ಟ್ರಿಗೆ. ಸಣ್ಣ ಮಾಮ ಮುದುಕ ಆಗೋ ಮಟ ಇರಲಿ."

ಬಸ್ಸು ಬಂತು. ವಾದ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಆಯಿತು, ಹೇಳುತ್ತೇನೆ ಅಂದೆ.